ಸೈನಿಕನ ಮನೆಯ ಚಿಂತೆ ಸೇನೆಗೂ ಇರಲಿ

ಖರ್ಚು ಕಡಿತದ ಮಾತು ಬಂದಾಗಲೆಲ್ಲ ಸೈನಿಕರ ಮನರಂಜನೆ ಹಾಗೂ ಕುಟುಂಬ ನೆರವಿನ ಯೋಜನೆಗಳ ಮೇಲೆಯೇ ಮೊದಲು ಕಣ್ಣು ಬೀಳುವುದು ಸರಿಯಲ್ಲ. ಆಟದ ಮೈದಾನ, ಗ್ರಂಥಾಲಯ, ಶಿಶುಪಾಲನಾ ಕೇಂದ್ರಗಳು ಹೊರಗಿನವರಿಗೆ ಐಷಾರಾಮದಂತೆ ಕಾಣಬಹುದು. ಆದರೆ ನುರಿತ ಯೋಧ ಸೇವೆಯಲ್ಲಿ ಮುಂದುವರಿಯಬೇಕೇ ಬೇಡವೇ ಎಂಬುದು ಎಷ್ಟೋ ಬಾರಿ ತೀರ್ಮಾನವಾಗುವುದು ಮನೆಯಲ್ಲೇ. ಪದೇ ಪದೇ ವರ್ಗಾವಣೆ, ಮಕ್ಕಳ ಶಾಲೆಯ ಬದಲಾವಣೆ, ಸಂಗಾತಿಯ ಕೈತಪ್ಪುವ ಉದ್ಯೋಗ, ತಿಂಗಳುಗಟ್ಟಲೆ ಅಗಲಿಕೆ ಇವನ್ನೆಲ್ಲ ಸಂಬಳವೊಂದೇ ಸರಿದೂಗಿಸದು. ಮನೆಯ ಚಿಂತೆ ಹೊತ್ತವನ ಗಮನ ಕರ್ತವ್ಯದಲ್ಲಿ ನಿಲ್ಲುವುದೂ ಕಷ್ಟ.

ಅಮೆರಿಕ 1973ರಲ್ಲಿ ಕಡ್ಡಾಯ ಸೇನಾ ಭರ್ತಿಯನ್ನು ಕೈಬಿಟ್ಟ ಮೇಲೆ, ತಾವಾಗಿಯೇ ಬಂದವರನ್ನು ಉಳಿಸಿಕೊಳ್ಳುವ ಅನಿವಾರ್ಯ ಎದುರಾಯಿತು. 1989ರಲ್ಲಿ ಅಲ್ಲಿ ಸೇನಾ ಶಿಶುಪಾಲನಾ ಕಾಯ್ದೆಯೇ ಬಂತು. ಕುಟುಂಬದ ಆದಾಯಕ್ಕೆ ತಕ್ಕ ಶುಲ್ಕ, ಆರೈಕೆ ಮಾಡುವವರಿಗೆ ತರಬೇತಿ, ಮುನ್ಸೂಚನೆಯಿಲ್ಲದ ತಪಾಸಣೆ ಅದರಲ್ಲಿದ್ದವು. ಮಗುವನ್ನು ನಂಬಿಕೆಯಿಂದ ಬಿಟ್ಟುಹೋಗುವ ಜಾಗವೂ ಯುದ್ಧಸನ್ನದ್ಧತೆಯ ಭಾಗವೆಂದು ಒಪ್ಪಿಕೊಂಡ ನಡೆಯಿದು.

ಹಾಗೆಂದು ಹಬ್ಬಕ್ಕೊಂದು ಸಂಗೀತ ಸಂಜೆ ಏರ್ಪಡಿಸಿ ಕೈತೊಳೆದುಕೊಂಡರೆ ಸಾಲದು. ಸೇವೆ ತೊರೆಯುವವರನ್ನಷ್ಟೇ ಅಲ್ಲ, ಅವರ ಸಂಗಾತಿಯನ್ನೂ ಕಾರಣ ಕೇಳಿ, ಆ ಉತ್ತರಗಳನ್ನು ಆಧರಿಸಿ ಯಾವ ಯೋಜನೆಗೆ ಎಷ್ಟು ಹಣವೆಂದು ಸೇನಾಡಳಿತ ನಿರ್ಧರಿಸಲಿ.

– ಓರ್ವ ಓದುಗ