ರವದಿ ಸುಡಲು ಯಾರನ್ನು ಕೇಳಬೇಕು?

ಮಾನ್ಯ ಸಂಪಾದಕರೇ,

ನಾನು ಘಟಪ್ರಭಾ ದಂಡೆಯ ಕಬ್ಬು ಬೆಳೆಗಾರ. ಈ ಹಂಗಾಮಿನಲ್ಲಿ ನನ್ನ 3 ಎಕರೆ 10 ಗುಂಟೆ ಕಬ್ಬು ಕಡಿದು ಹೋಯಿತು. ಹೊಲದ ತುಂಬ ಮೊಣಕಾಲುದ್ದ ರವದಿ, ಅಂದರೆ ಕಬ್ಬಿನ ಒಣಗಿದ ಸೋಗೆ, ಬಿದ್ದಿದೆ. ನಮ್ಮ ಕಡೆ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉಪಾಯವೆಂದರೆ ಒಂದು ಬೆಂಕಿಪೊಟ್ಟಣ. ಈ ಸಲ ಕಡ್ಡಿ ಗೀರುವ ಮೊದಲು ಯಾರನ್ನಾದರೂ ಕೇಳೋಣ ಎಂದುಕೊಂಡೆ, ಕೆಟ್ಟೆ.

ಕೇಳಬೇಕೆನಿಸಲು ಕಾರಣವಿದೆ. ಹೋದ ವರ್ಷ ಫೆಬ್ರುವರಿಯಲ್ಲಿ ಪಕ್ಕದ ತೋಟದವರು ಮಧ್ಯಾಹ್ನ ಹನ್ನೆರಡೂವರೆಗೆ ರವದಿಗೆ ಬೆಂಕಿ ಇಟ್ಟು ಊಟಕ್ಕೆ ಕುಳಿತರು. ಗಾಳಿ ತಿರುಗಿತು. ನಡುವೆ ಇದ್ದದ್ದು ಒಂದೂವರೆ ಅಡಿಯ ಬದು, ಅದರ ಮೇಲೆಲ್ಲ ಒಣಗಿದ ಕರಿಕೆ ಹುಲ್ಲು. ನನ್ನ 22 ಗುಂಟೆ ನಿಂತ ಕಬ್ಬು ನೋಡನೋಡುತ್ತಲೇ ಹೊತ್ತಿಕೊಂಡಿತು. ಸಂಜೆಯವರೆಗೂ ಆ ಜಾಗ ಸೀದ ಬೆಲ್ಲದ ವಾಸನೆ ಹೊಡೆಯುತ್ತಿತ್ತು, ಆಲೆಮನೆಯಲ್ಲಿ ಕೊಪ್ಪರಿಗೆ ತಳ ಹಿಡಿದಾಗ ಬರುತ್ತದಲ್ಲ, ಅದೇ ವಾಸನೆ. ಹನಿ ನೀರಾವರಿಯ ಪೈಪುಗಳು ಕರಗಿ ಮಣ್ಣಿಗೆ ಅಂಟಿದ್ದವು. ಎಳೆದರೆ ಹೆಂಟೆ ಸಮೇತ ಬರುತ್ತಿದ್ದವು. ಅಗ್ನಿಶಾಮಕ ವಾಹನವೇನೋ ಬಂತು, ಆದರೆ ಹೊಲದ ದಾರಿಯಲ್ಲಿ ಕಬ್ಬು ಹೇರಿದ ಎರಡು ಟ್ರೇಲರ್‌ಗಳು ಅಡ್ಡ ನಿಂತಿದ್ದವು. ಸುಟ್ಟ ಕಬ್ಬನ್ನು ಕಾರ್ಖಾನೆ ಕಡಿತ ಹಾಕಿಯೇ ತೆಗೆದುಕೊಂಡಿತು.

ದೂರು ಕೊಡು ಎಂದವರಿದ್ದರು. ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಉಂಟು. ಆದರೆ ನೀರಿನ ಪಾಳಿಗೆ, ಮದುವೆಗೆ, ಮಣ್ಣಿಗೆ ಮುಖ ನೋಡಬೇಕಾದವರ ಮೇಲೆ ಯಾರು ಠಾಣೆ ಮೆಟ್ಟಿಲು ಹತ್ತುತ್ತಾರೆ?

ಹಾಗಾಗಿ ಈ ಸಲ ನನ್ನ ಸರದಿ ಬಂದಾಗ ಅನುಮತಿ ಕೇಳಲು ಹೊರಟೆ. ಮೊದಲನೆಯ ಕಚೇರಿಯಲ್ಲಿ, "ಹೊಲ ನಿಮ್ಮದು, ಬೆಂಕಿ ನಿಮ್ಮದು, ನಮ್ಮನ್ನೇಕೆ ಕೇಳುತ್ತೀರಿ?" ಎಂದು ನಕ್ಕರು. ಎರಡನೆಯ ಕಡೆ, ರವದಿ ಸುಡಬೇಡಿ ಎಂಬ ಕರಪತ್ರ ಕೈಗಿಟ್ಟರು. ಸುಡುವುದಾದರೆ ಯಾವ ಅರ್ಜಿ ಕೊಡಬೇಕು ಎಂದು ಕೇಳಿದೆ. ಸುಡಲೇಬಾರದು ಎಂದ ಮೇಲೆ ಅರ್ಜಿ ಎಲ್ಲಿಂದ ಬರುತ್ತದೆ ಎಂದರು. ಕಿಟಕಿಯಾಚೆ ಎರಡು ಕಡೆ ಹೊಗೆ ಏಳುತ್ತಿತ್ತು. ಇಬ್ಬರೂ ನೋಡಿದೆವು, ಇಬ್ಬರೂ ಮಾತಾಡಲಿಲ್ಲ.

ಮೂರನೆಯದು ಅಗ್ನಿಶಾಮಕ ಠಾಣೆ. ಅಲ್ಲಿಯೂ ಅರ್ಜಿ ನಮೂನೆ ಇರಲಿಲ್ಲ. ಆದರೆ ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಸಿಬ್ಬಂದಿ ನನ್ನನ್ನು ಕೂರಿಸಿಕೊಂಡು ಅದೇ ಕರಪತ್ರದ ಬೆನ್ನಿಗೆ ನನ್ನ ಹೊಲದ ನಕ್ಷೆ ಬರೆದು ಹೇಳಿದರು: ಬದುವಿನ ಸುತ್ತ ಹದಿನೈದು ಅಡಿ ರವದಿಯನ್ನು ಒಳಗೆಳೆದು ಮಣ್ಣು ಕಾಣುವಂತೆ ಮಾಡು, ಆ ಪಟ್ಟಿಗೆ ಹಿಂದಿನ ದಿನವೇ ನೀರು ಹಾಯಿಸು. ಕರೆಂಟು ತಂತಿಯ ಕೆಳಗಿನದನ್ನೂ ಟಿಸಿ (ಟ್ರಾನ್ಸ್‌ಫಾರ್ಮರ್) ಸುತ್ತಲಿನದನ್ನೂ ತೆಗೆದುಬಿಡು. ಗಾಳಿ ಯಾವ ಕಡೆ ಹೋಗುತ್ತದೋ ಆ ಅಂಚಿನಿಂದ ಹಚ್ಚು, ಬೆಂಕಿ ಗಾಳಿಗೆ ಎದುರಾಗಿ ನಿಧಾನವಾಗಿ ತೆವಳಬೇಕು. ಬಿಸಿಲೇರುವ ಮೊದಲು ಮುಗಿಸು. ಸ್ಪ್ರೇ ಪಂಪು ತುಂಬಿಕೊಂಡು ನಾಲ್ಕು ಜನ ಪೂರ್ತಿ ಆರುವವರೆಗೆ ನಿಲ್ಲಿ. ಇಷ್ಟನ್ನು ಯಾರಾದರೂ ಬಂದು ಹೊಲದಲ್ಲಿ ನೋಡಿ ಹೇಳುತ್ತಾರೆಯೇ ಎಂದೆ. "ಬೆಂಕಿ ಬಿದ್ದರೆ 112ಕ್ಕೆ ಫೋನ್ ಮಾಡಿ, ಬರುತ್ತೇವೆ" ಎಂದರು. ಅವರ ತಪ್ಪಲ್ಲ, ಅವರಿಗಿರುವ ಕೆಲಸ ಅಷ್ಟೇ.

ನನ್ನ ತಕರಾರು ಇಲ್ಲಿಯೇ ಇರುವುದು. ದೀಪಾವಳಿಗೆ ಹತ್ತಡಿಯ ಪಟಾಕಿ ಮಳಿಗೆ ಹಾಕಲು ಅಗ್ನಿಶಾಮಕದವರ ನಿರಾಕ್ಷೇಪಣಾ ಪತ್ರ ಬೇಕು. ಮೂರು ಎಕರೆಗೆ ಬೆಂಕಿ ಇಡಲು ಯಾರೂ ಬೇಡ. ಒಂದು ಪುಟದ ಪರವಾನಗಿ ಇರಲಿ: ಸರ್ವೆ ನಂಬರು, ದಿನ, ಗಂಟೆ, ನಾಲ್ಕೂ ದಿಕ್ಕಿನ ತೋಟದವರ ಸಹಿ. ಗ್ರಾಮ ಆಡಳಿತಾಧಿಕಾರಿಯೋ ತರಬೇತಾದ ಗೃಹರಕ್ಷಕರೋ ಹಿಂದಿನ ದಿನ ಬಂದು ಬದು ತುಳಿದು ನೋಡಲಿ, ಕಾಲು ಗಂಟೆಯ ಕೆಲಸ. ರವದಿ ತೆಗೆದ ಪಟ್ಟಿಯ ಅಗಲ ಸಾಲದೆಂದರೆ, ಅಥವಾ ಪಕ್ಕದಲ್ಲಿ ಒಣಗಿದ ಕಬ್ಬು ನಿಂತಿದ್ದರೆ, ಅನುಮತಿ ಕೊಡುವುದು ಬೇಡ.

ಪರವಾನಗಿ ಕೊಟ್ಟರೆ ಸುಡುವವರು ಹೆಚ್ಚುತ್ತಾರೆ ಎನ್ನುವವರಿಗೆ ಒಂದು ಮಾತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ವಾಕೀನ್ ಎಂಬ ದೊಡ್ಡ ಕೃಷಿ ಕಣಿವೆ ಇದೆ. ಅಲ್ಲಿ ತೋಟದ ಕಸ ಸುಡಲು ಪರವಾನಗಿ ಬೇಕಿತ್ತು, ಪರವಾನಗಿ ಇದ್ದರೂ ಆ ದಿನದ ಹವೆ ನೋಡಿಯೇ ಒಪ್ಪಿಗೆ ಸಿಗುತ್ತಿತ್ತು. ಹೀಗೆ ಲೆಕ್ಕ ಇಟ್ಟುಕೊಂಡೇ ಬಂದವರು 2025ರ ಹೊತ್ತಿಗೆ ಸುಡುವುದನ್ನು ಬಹುತೇಕ ನಿಲ್ಲಿಸುವ ನಿಯಮ ತಂದರು. ನಮ್ಮಲ್ಲಿ ಎಷ್ಟು ಎಕರೆ ಸುಡುತ್ತದೆ ಎಂದು ಬರೆದಿಟ್ಟ ಪುಸ್ತಕವನ್ನು ನಾನು ಹೋದ ಮೂರೂ ಕಡೆ ಕಾಣಲಿಲ್ಲ.

ಸುಡದಿರುವುದೇ ಒಳ್ಳೆಯದೆಂದು ನನಗೂ ಗೊತ್ತು. ಹೋದ ಸಲ ಅರ್ಧ ಎಕರೆಯಲ್ಲಿ ಸಾಲು ಬಿಟ್ಟು ಸಾಲಿಗೆ ರವದಿ ಹೊದಿಸಿದ್ದೆ. ಅಲ್ಲಿ ತೇವ ಹೆಚ್ಚು ದಿನ ನಿಂತಿತು, ಕಳೆಯೂ ಕಡಿಮೆ. ಆದರೆ ಅಷ್ಟನ್ನು ಕೈಯಲ್ಲಿ ಎಳೆದು ಹಾಕಲು ಆಳು ಸಿಗುವುದಿಲ್ಲ, ಎಳೆಯದಿದ್ದರೆ ಸಾಲುಗಳ ನಡುವೆ ನೀರು ಮುಂದೆ ಹರಿಯುವುದಿಲ್ಲ. ಪುಡಿ ಮಾಡುವ ಯಂತ್ರ ಬಾಡಿಗೆಗೆ ಇದೆ. ಹೆಸರು ಬರೆಸಿ ಬಂದಿದ್ದೇನೆ, ನನ್ನದು ಹದಿನೇಳನೆಯ ಸರದಿ. ನಿನ್ನೆ ಹೋಗಿ ರವದಿ ಸರಿಸಿ ನೋಡಿದೆ, ಕಡಿದ ಬುಡದ ಕುಳೆ ಆಗಲೇ ಬೆರಳುದ್ದ ಚಿಗುರಿದೆ.

– ಕಬ್ಬು ಬೆಳೆಗಾರ, ಬಾಗಲಕೋಟೆ ಜಿಲ್ಲೆ