ಮೂಲ ಕಡತ ಒಂದೇ ಸಾಕು
ಮಾನ್ಯ ಸಂಪಾದಕರೇ,

ಬೆಂಗಳೂರಿನ ಅನೇಕ ಕಚೇರಿಗಳಲ್ಲಿ ಒಂದೇ ಕನ್ನಡ ಕೈಪಿಡಿಯನ್ನು ಜಾಲತಾಣಕ್ಕೆ, ಮುದ್ರಣಕ್ಕೆ, ಇ-ಪುಸ್ತಕಕ್ಕೆ ಎಂದು ಬೇರೆ ಬೇರೆಯಾಗಿ ಜೋಡಿಸುವ ಪರಿಪಾಠ ಇನ್ನೂ ನಿಂತಿಲ್ಲ. 2006ರಿಂದ ಉಚಿತವಾಗಿ ದೊರೆಯುತ್ತಿರುವ ಪ್ಯಾನ್‌ಡಾಕ್ ಎಂಬ ಮುಕ್ತ ತಂತ್ರಾಂಶಕ್ಕೆ ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ಒಂದೊಂದು ಸಾಲಿನ ಕಮಾಂಡ್ ಕೊಟ್ಟರೆ, ಮಾರ್ಕ್‌ಡೌನ್‌ನಲ್ಲಿ (ಶೀರ್ಷಿಕೆ, ಪಟ್ಟಿಗಳನ್ನು ಸರಳ ಚಿಹ್ನೆಗಳಿಂದ ಗುರುತಿಸುವ ಸಾದಾ ಪಠ್ಯರೂಪದಲ್ಲಿ) ಬರೆದಿಟ್ಟ ಕಡತದಿಂದಲೇ ಜಾಲತಾಣದ ಎಚ್‌ಟಿಎಂಎಲ್, ವರ್ಡ್, ಇ-ಪುಸ್ತಕದ ಇಪಬ್ ಮೂರೂ ಸಿದ್ಧವಾಗುತ್ತವೆ. ಪಿಡಿಎಫ್‌ಗೆ ಮಾತ್ರ ಎಚ್ಚರ ಬೇಕು: ಪ್ಯಾನ್‌ಡಾಕ್ ತಾನಾಗಿ ಬಳಸುವ ಪಿಡಿಎಫ್‌ಲೇಟೆಕ್ ಎಂಬ ಪುಟಜೋಡಣೆಯ ಎಂಜಿನ್ ಕನ್ನಡ ಅಕ್ಷರ ಕಂಡೊಡನೆ ದೋಷ ತೋರಿಸಿ ನಿಲ್ಲುವುದರಿಂದ, ಝೀಲೇಟೆಕ್ ಎಂಜಿನ್ನನ್ನೂ ನೋಟೊ ಸೆರಿಫ್ ಕನ್ನಡದಂಥ ಯುನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತವಿರುವ ಮಾನದಂಡ) ಫಾಂಟನ್ನೂ ಕಮಾಂಡ್‌ನಲ್ಲೇ ಹೆಸರಿಸಬೇಕು. ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲಿ ಕೂರಿಸಿದ ಹಳೆಯ ಆಸ್ಕಿ ಫಾಂಟುಗಳ ಕಡತಗಳನ್ನಂತೂ ಮೊದಲು ಯುನಿಕೋಡ್‌ಗೆ ಪರಿವರ್ತಿಸದೆ ಗತ್ಯಂತರವಿಲ್ಲ. ಆ ಕೆಲಸ ಎಂದೋ ಮುಗಿಯಬೇಕಿತ್ತು ಎಂಬುದು ಬೇರೆ ಮಾತು. ಕನ್ನಡ ಅಭಿವೃದ್ಧಿ ಪ್ರಾಧಿಕಾರವು ಸರ್ಕಾರಿ ಸಿಬ್ಬಂದಿಗೆ ಈ ಕುರಿತು ತರಬೇತಿ ಏರ್ಪಡಿಸಬೇಕೆಂದು ಕೋರುತ್ತೇನೆ.

—ಓದುಗ, ಮಲ್ಲೇಶ್ವರ, ಬೆಂಗಳೂರು