ಇಪ್ಪತ್ತು ಅಡಿ ದೂರದಿಂದ

ಸೀನ,

ಕೊಡೆ ವಿಚಾರ ಇಲ್ಲಿ ಎತ್ತಲ್ಲ, ಎಲ್ಲರೂ ಓದ್ತಿರ್ತಾರೆ. ಬ್ರಿಟನ್ನಿನ ಶಾಲೆಗಳಲ್ಲಿ ಮಕ್ಕಳ ಆರೋಗ್ಯ ತಪಾಸಣೆ ಹೇಗೆ ನಡೀತಿತ್ತು ಅಂತ ನೀನು ಕೇಳಿದ್ದೆಯಲ್ಲ, ಅದಕ್ಕೇ ಬರ್ತೀನಿ.

ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಸೇರೋಕೆ ಬಂದ ಎಷ್ಟೋ ಹುಡುಗರು ಮೈಯಲ್ಲಿ ತ್ರಾಣವಿಲ್ಲದೆ ವಾಪಸಾದಾಗ ಸರ್ಕಾರಕ್ಕೆ ದಿಗಿಲಾಯ್ತು. 1907ರಲ್ಲಿ ಕಾಯ್ದೆ ಬಂತು. 1908ರಿಂದ ಇಂಗ್ಲೆಂಡ್, ವೇಲ್ಸ್‌ನ ಸರ್ಕಾರಿ ಪ್ರಾಥಮಿಕ ಶಾಲೆಗೆ ಸೇರುವ ಮಕ್ಕಳನ್ನು ವೈದ್ಯರು ನೋಡಲೇಬೇಕಾಯ್ತು. ಮೇಲ್ವಿಚಾರಣೆ ಶಿಕ್ಷಣ ಮಂಡಳಿಯ ಮುಖ್ಯ ವೈದ್ಯಾಧಿಕಾರಿ ಜಾರ್ಜ್ ನ್ಯೂಮನ್ ಅವರದು. ಎತ್ತರ, ತೂಕ, ಹಲ್ಲು, ಟಾನ್ಸಿಲ್, ಎದೆ, ಎಲ್ಲಾ ಒಂದೇ ಕಾರ್ಡಿನಲ್ಲಿ.

ತಲೆ ನೋಡೋದು ಕಿವಿ ಹಿಂದೆ, ಕತ್ತಿನ ಬುಡದಲ್ಲಿ. ಉದುರಿದರೆ ಹೊಟ್ಟು, ಕೂದಲಿಗೆ ಅಂಟಿ ಕೂತರೆ ಸೀರು. ಸೀರಣಿಗೆ ಹಾಕಿ ಬಾಚಿ ಕಳಿಸಿದರೂ, ಒಂದೇ ಹಾಸಿಗೇಲಿ ಮಲಗೋ ತಂಗಿಯ ತಲೆ ಹಾಗೇ ಇದ್ದರೆ ವಾರದೊಳಗೆ ಮತ್ತೆ ಹೇನು.

ಕಣ್ಣಿನದು ಇನ್ನೂ ಸೂಕ್ಷ್ಮ. ಸ್ನೆಲನ್ ಚಾರ್ಟು, ಅಂದ್ರೆ ಸಾಲುಸಾಲಿಗೆ ಚಿಕ್ಕದಾಗ್ತಾ ಹೋಗೋ ಅಕ್ಷರಗಳ ಪಟ, ಬೆಳಕಿಗೆ ಎದುರಾಗಿ, ಮಗು ಇಪ್ಪತ್ತು ಅಡಿ, ಅಂದ್ರೆ ಸುಮಾರು ಆರು ಮೀಟರ್ ದೂರ, ಒಂದೊಂದೇ ಕಣ್ಣು. ಬೆರಳಿಂದ ಮುಚ್ಚಿದರೆ ಸಂದೀಲಿ ಇಣುಕುತ್ತೆ. ಅಂಗೈ ಒತ್ತಿ ಹಿಡಿದರೆ ಆ ಕಣ್ಣಿನ ಸರದಿ ಬಂದಾಗ ಮಂಜು ಮಂಜು. ಅದಕ್ಕೇ ರಟ್ಟು ಬೇಕು. ಸಾಲಿನಲ್ಲಿ ಹಿಂದೆ ನಿಂತವರು ಅಕ್ಷರ ಬಾಯಿಪಾಠ ಮಾಡಿಬಿಡ್ತಾರೆ, ಅವರನ್ನು ಹೊರಗೆ ನಿಲ್ಲಿಸಬೇಕು. ಒಳ್ಳೆ ಕಣ್ಣು ಹದಿನೆಂಟು ಮೀಟರಿನಿಂದ ಓದುವ ಸಾಲನ್ನು ಮಗು ಆರು ಮೀಟರಿನಿಂದ ಮಾತ್ರ ಓದಿದರೆ, ಕಾರ್ಡಿನಲ್ಲಿ 6/18.

ಬರೆದಾಯ್ತು. ಆಮೇಲೆ?

ಸೀನ, ನನ್ನ ಎದೆಗೆ ಚುಚ್ಚಿದ್ದು ಇದೇ. ನೋಡೋದು ಕಡ್ಡಾಯ, ವಾಸಿ ಮಾಡೋದು ಐಚ್ಛಿಕ. 1909ರ ಕಾಯ್ದೆ ಚಿಕಿತ್ಸೆಯ ಖರ್ಚನ್ನು ಕೊಡಬಲ್ಲ ಹೆತ್ತವರಿಂದ ವಸೂಲಿ ಮಾಡಿ ಅಂತು. ಬ್ರಾಡ್‌ಫರ್ಡ್‌ನವರು ಕಡ್ಡಾಯವಾಗಲಿ ಅಂತ ಕಾದು ಕೂರದೆ ಶಾಲಾ ಕ್ಲಿನಿಕ್ ತೆರೆದರು, ಲಂಡನ್ನಿನ ಡೆಪ್ಟ್‌ಫರ್ಡ್‌ನಲ್ಲಿ ಸಮಾಜ ಸುಧಾರಕಿ ಮಾರ್ಗರೆಟ್ ಮ್ಯಾಕ್‌ಮಿಲನ್ ತೆರೆದರು. ಅವರ ಪುಣ್ಯ ದೊಡ್ಡದು. ಆದರೆ ಚಿಕಿತ್ಸೆಯ ಏರ್ಪಾಡು ಎಲ್ಲೆಡೆ ಕಡ್ಡಾಯವಾಗಿದ್ದು 1918ರ ಕಾಯ್ದೆಯಿಂದ. 1908ರಲ್ಲಿ ಐದು ವರ್ಷಕ್ಕೆ ಶಾಲೆ ಸೇರಿದ ಕೂಸಿಗೆ ಅಷ್ಟರಲ್ಲಿ ಹದಿನೈದು, ಶಾಲೆ ಬಿಟ್ಟು ದುಡಿಯೋ ವಯಸ್ಸು. ಇಷ್ಟು ದಿನ ನಾನು ಆ ತುಂಬಿದ ಕಾರ್ಡುಗಳನ್ನೇ ಗೆಲುವು ಅಂದ್ಕೊಂಡಿದ್ದೆ. ಈಗ 6/18 ಅಂತ ಕಂಡ ಕಡೆಯೆಲ್ಲಾ ಕಪ್ಪುಹಲಗೆ ಕಾಣದೆ ಕಣ್ಣು ಕಿರಿದು ಮಾಡಿ ಕೂತ ಮಗುವೇ ಕಾಣುತ್ತೆ, ನಿದ್ದೆ ಬರಲ್ಲ ಕಣೋ.

ಸಾಕು, ಜಾಸ್ತಿ ಹೇಳಿಬಿಟ್ಟೆ. ಭಾನುವಾರ ಬಾ. ಕೊಡೆ ಮರೀಬೇಡ.